‘ಐತಿ’ಯ ಬೆನ್ನುಹತ್ತಿ ಜತ್ತ ಸೀಮೆಯಲ್ಲಿ

ಮಿರಜಿನಿಂದ ಜತ್ತಕ್ಕೆ ಹೊರಟ ಎಸ್.ಟಿ. ಬಸ್ಸು ಕವಠೆ ಮಹಾಂಕಾಳವನ್ನು ಹಿಂದಿಕ್ಕಿದ ಬಳಿಕ ನೆಲದ ಬಣ್ಣ ಬದಲಾಗತೊಡಗುತ್ತದೆ. ಕೃಷ್ಣೆಯ ದಂಡೆಯ ಕಬ್ಬಿನ ಹಸಿರು ಮೆಲ್ಲಮೆಲ್ಲನೆ ತೆಳುವಾಗಿ, ಬೋಳುಗುಡ್ಡ, ಜಾಲಿಯ ಮುಳ್ಳು, ಸಜ್ಜೆ-ಜೋಳದ ಹೊಲ, ನಡುನಡುವೆ ಹನಿನೀರಾವರಿಯ ಕರಿಯ ಕೊಳವೆಗಳನ್ನು ಹಾಸಿಕೊಂಡ ದಾಳಿಂಬೆಯ ತೋಟ ಕಣ್ಣಿಗೆ ಬೀಳುತ್ತವೆ. ಬಸ್ಸಿನ ಒಳಗೂ ಒಂದು ಬದಲಾವಣೆ ನಡೆದಿರುತ್ತದೆ. ಮಿರಜಿನಲ್ಲಿ ಮರಾಠಿಯಲ್ಲಿ ಆರಂಭವಾದ ಮಾತು ಯಾವ ನಿಲ್ದಾಣದಲ್ಲಿ ಕನ್ನಡಕ್ಕೆ ಹೊರಳಿತೆಂಬುದನ್ನು ಯಾರೂ ಗುರುತಿಸಲಾರರು. ವಾಹಕರು ಮರಾಠಿಯಲ್ಲಿ ಊರು ಕೇಳುತ್ತಾರೆ, ಮುದುಕಿಯೊಬ್ಬಳು ಕನ್ನಡದಲ್ಲಿ ಹೇಳುತ್ತಾಳೆ, ಚಿಲ್ಲರೆಯ ಜಗಳ ಎರಡರಲ್ಲಿಯೂ ನಡೆಯುತ್ತದೆ.

ಈ ಸಲ ಆ ಹೊರಳುವ ಜಾಗವನ್ನು ಹಿಡಿಯಲೆಂದೇ ನನ್ನ ಪಕ್ಕದಲ್ಲಿ ಒಬ್ಬಳು ನೋಟುಬುಕ್ಕು ಬಿಚ್ಚಿ ಕುಳಿತಿದ್ದಳು. ಅವಳು ನನ್ನ ತಂಗಿಯ ಮಗಳು. ಜತ್ತ ತಾಲ್ಲೂಕಿನ ಪೂರ್ವ ಭಾಗದ ಒಂದು ಹಳ್ಳಿಯಲ್ಲಿ, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಕಲಿತವಳು, ಈಗ ಕನ್ನಡ ಎಂ.ಎ. ಎರಡನೆಯ ವರ್ಷದಲ್ಲಿದ್ದಾಳೆ. ಸ್ನಾತಕೋತ್ತರ ವಿದ್ಯಾರ್ಥಿಗಳೇ ಪ್ರಬಂಧ ಮಂಡಿಸುವ ಒಂದು ಸಮ್ಮೇಳನಕ್ಕೆ ಅವಳ ಬರಹ ಆಯ್ಕೆಯಾಗಿತ್ತು. ವಿಷಯ, ನಮ್ಮ ಸೀಮೆಯ ಮಾತಿನಲ್ಲಿ ವಾಕ್ಯದ ಕೊನೆಗೆ ಬಂದು ಕೂಡುವ ‘ಐತಿ’ ಎಂಬ ಎರಡಕ್ಷರ. ಅದಕ್ಕೆ ಬೇಕಾದ ಉದಾಹರಣೆಗಳನ್ನು ಕೂಡಿಸಲು ಅವಳು ಊರಿಗೆ ಹೊರಟಿದ್ದಳು. ದೀಪಾವಳಿಯ ರಜೆಯ ಕೊನೆಯ ದಿನಗಳಾದ್ದರಿಂದ ನಾನೂ ಜೊತೆಗೂಡಿದೆ.

ಆಯ್ಕೆಯಾದುದು ಎರಡನೆಯ ಯತ್ನದಲ್ಲಿ. ಮೊದಲು ಬೇರೊಂದು ಊರಿಗೆ ಸಾರಾಂಶವನ್ನು ಕಳುಹಿಸಿದ್ದಳು. ಅಲ್ಲಿಯ ಹಿರಿಯರೊಬ್ಬರು, ಇದು ಕೆಟ್ಟ ಕನ್ನಡ, ಮರಾಠಿಯ ಕಲಬೆರಕೆ, ಹಳಗನ್ನಡ ಕಾವ್ಯದ ಮೇಲೆ ಬರೆಯಬಾರದೇ ಎಂದು ಹಿಂದಿರುಗಿಸಿದರು. ಅದೇ ವಾರ ವಸತಿಗೃಹದ ಮರಾಠಿ ಗೆಳತಿ, ನೀನು ಮನೆಗೆ ಫೋನು ಮಾಡಿದಾಗ ಆಡುವುದು ಕನ್ನಡದ ಶಬ್ದ ಹಾಕಿದ ಮರಾಠಿಯೇ ಅಲ್ಲವೇ ಎಂದು ನಕ್ಕಿದ್ದಳಂತೆ. ಎರಡು ಕಡೆಯಿಂದಲೂ ಒಂದೇ ಪೆಟ್ಟು. ಗಡಿಯಲ್ಲಿ ಮಕ್ಕಳನ್ನು ಓದಿಸುವ ಪಾಲಕರಿಗೆ ಈ ಪೆಟ್ಟಿನ ಪರಿಚಯವನ್ನು ನಾನು ಮಾಡಿಕೊಡಬೇಕಾಗಿಲ್ಲ.

ಜತ್ತ ಊರನ್ನು ತಲುಪಿದಾಗ ಹನ್ನೊಂದು ಗಂಟೆ. ಊರು ದೊಡ್ಡದೇನಲ್ಲ, ಆದರೆ ಒಂದು ಕಾಲದ ರಾಜಧಾನಿ. ಆದಿಲಶಾಹಿ ಕಾಲದಿಂದ ಬೇರೂರಿದ ಡಫಳೆ ಮನೆತನವು ಈ ಸಂಸ್ಥಾನವನ್ನು ಆಳಿತು. ಡಫಳಾಪುರದ ಹೆಸರಿನಲ್ಲಿ ಆ ಮನೆತನ ಇಂದಿಗೂ ಉಳಿದಿದೆ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1949ರಲ್ಲಿ ದಕ್ಷಿಣ ಸಾತಾರಾ ಎಂಬ ಹೊಸ ಜಿಲ್ಲೆ ಹುಟ್ಟಿತು, 1960ರಲ್ಲಿ ಅದರ ಹೆಸರು ಸಾಂಗ್ಲಿಯಾಯಿತು. ನಡುವೆ 1956ರ ನವೆಂಬರ್ 1ರಂದು ರಾಜ್ಯಗಳ ಗೆರೆಗಳು ಹೊಸದಾಗಿ ಎಳೆಯಲ್ಪಟ್ಟವು. ಅತ್ತ ವಿಜಯಪುರ, ಇತ್ತ ಅಥಣಿ, ಎರಡೂ ಗೆರೆಯ ಆಚೆಗೆ ಹೋದವು. ನನ್ನ ಅಜ್ಜಿ ಹುಟ್ಟಿದ ಮನೆ ಮತ್ತು ಕೊಟ್ಟ ಮನೆ ಬೇರೆ ಬೇರೆ ರಾಜ್ಯಗಳಾದುದು ಹೀಗೆ. ಅವಳು ಇದ್ದಲ್ಲಿಯೇ ಇದ್ದಳು.

ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ಭಕ್ರಿ, ಝುಣಕ ತಿನ್ನುತ್ತ ಹುಡುಗಿ ತನ್ನ ಚೀಲದಿಂದ ಒಂದು ಝೆರಾಕ್ಸ್ ಕಟ್ಟನ್ನು ಹೊರತೆಗೆದಳು. ಅದನ್ನು ಕುರಿತು ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಅದು ನಮ್ಮ ಜಿಲ್ಲೆಯ ಮಾತು.

ಮಿರಜಿಗೂ ಸಾಂಗ್ಲಿಗೂ ಮಗ್ಗುಲಲ್ಲಿರುವ ಕುಪವಾಡವನ್ನು ನಾವೆಲ್ಲ ಇಂದು ಕಾರ್ಖಾನೆಗಳ ಊರೆಂದು ಬಲ್ಲೆವು. ಅದು ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಅಮೆರಿಕದ ಬರ್ಕ್ಲಿಯ ಭಾಷಾವಿದ್ವಾಂಸ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅಲ್ಲಿಯ ಮಾತನ್ನು ಅಭ್ಯಸಿಸಿದರು. ಜೈನ, ಲಿಂಗಾಯತ ಮನೆಗಳಲ್ಲಿ ಕನ್ನಡ, ಮುಸಲ್ಮಾನರ ಮನೆಗಳಲ್ಲಿ ಉರ್ದು, ಹಗ್ಗ ಹೊಸೆಯುವ ಕೆಲವು ಮನೆಗಳಲ್ಲಿ ತೆಲುಗು, ಮಿಕ್ಕವರಲ್ಲಿ ಮರಾಠಿ. ಶತಮಾನಗಳ ಒಡನಾಟದಿಂದ ಈ ಭಾಷೆಗಳ ಶಬ್ದಗಳು ಬೇರೆಯಾಗಿಯೇ ಉಳಿದರೂ ವಾಕ್ಯದ ಅಚ್ಚು ಒಂದೇ ಆಗಿಬಿಟ್ಟಿದೆ ಎಂಬುದು ಅವರು ಕಂಡುಕೊಂಡ ಸಂಗತಿ. ನಮ್ಮ ಮನೆಯ ಮಾತಿನಿಂದಲೇ ಇದನ್ನು ತಿಳಿಯಬಹುದು. ‘ನೀರ ತುಂಬಿ ತಗೊಂಡ ಬಂದೆ’ ಎನ್ನುತ್ತೇವೆ. ಮರಾಠಿಯ ನೆರೆಯವಳು ‘ಪಾಣೀ ಭರೂನ ಘೇಊನ ಆಲೇ’ ಎನ್ನುತ್ತಾಳೆ. ಒಂದರ ಕೆಳಗೆ ಇನ್ನೊಂದನ್ನು ಬರೆದರೆ ಶಬ್ದಕ್ಕೆ ಶಬ್ದ ತಾಳೆಯಾಗುತ್ತದೆ.

ಆ ವಿದ್ವಾಂಸರು ಗುರುತಿಸಿದ ಇನ್ನೊಂದು ಲಕ್ಷಣವೇ ನಮ್ಮ ಹುಡುಗಿಯನ್ನು ಹಿಡಿದುದು. ಪುಸ್ತಕದ ಕನ್ನಡದಲ್ಲಿ ‘ಇದು ನಮ್ಮ ಹೊಲ’ ಎಂದರೆ ವಾಕ್ಯ ಮುಗಿಯಿತು. ಮರಾಠಿಗೆ ಅಷ್ಟು ಸಾಲದು, ಕೊನೆಯಲ್ಲಿ ‘ಆಹೇ’ ಬೇಕು. ಕುಪವಾಡದ ಕನ್ನಡಿಗರು ಮರಾಠಿಯ ಆ ಕ್ರಮವನ್ನು ಅನುಸರಿಸಿ ‘ಐತಿ’ಯನ್ನು ತಂದು ಕೂಡಿಸುತ್ತಾರೆ. ಇದು ತಪ್ಪೆಂದಾಗಲಿ ಕೆಟ್ಟ ಕನ್ನಡವೆಂದಾಗಲಿ ಆ ಪ್ರಬಂಧದಲ್ಲಿ ಎಲ್ಲಿಯೂ ಇಲ್ಲ. ಭಾಷೆಗಳು ಒಂದರೊಡನೊಂದು ಬಾಳಿದರೆ ಹೀಗಾಗುತ್ತದೆ, ಹೇಗಾಗುತ್ತದೆಂಬುದನ್ನು ನೋಡೋಣ ಎಂಬ ಧೋರಣೆ. 1968ರ ಏಪ್ರಿಲಿನಲ್ಲಿ ಜಮೈಕಾ ದ್ವೀಪದ ಮೋನಾ ಎಂಬಲ್ಲಿ ಒಂದು ವಿದ್ವತ್ ಸಮ್ಮೇಳನ ನಡೆಯಿತು. ಅದರ ಫಲವಾಗಿ 1971ರಲ್ಲಿ ಡೆಲ್ ಹೈಮ್ಸ್ ಅವರ ಸಂಪಾದಕತ್ವದಲ್ಲಿ ಕೇಂಬ್ರಿಜಿನಿಂದ ಹೊರಬಂದ ಗ್ರಂಥದಲ್ಲಿ ಕುಪವಾಡದ ಪ್ರಬಂಧ ಅಚ್ಚಾಯಿತು. ಅಂದಿನಿಂದ ಜಗತ್ತಿನ ಭಾಷಾಶಾಸ್ತ್ರದ ತರಗತಿಗಳಲ್ಲಿ ಸಾಂಗ್ಲಿ ಜಿಲ್ಲೆಯ ಕನ್ನಡ ಪಾಠವಾಗಿದೆ. ಸಾಂಗ್ಲಿ ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ಅದರ ಸುದ್ದಿಯನ್ನು ನಾನಂತೂ ಕೇಳಿರಲಿಲ್ಲ. ಸುಮಾರು ನಾಲ್ಕು ದಶಕಗಳ ಮೇಲೆ ಪುಣೆಯ ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿಯವರು ಅದೇ ಊರಿಗೆ ಮರಳಿ ಹೋಗಿ, ಹಿಂದಿನವರ ತೀರ್ಮಾನಗಳನ್ನು ಒರೆಗೆ ಹಚ್ಚಿ, 2016ರಲ್ಲಿ ಪ್ರಬಂಧ ಪ್ರಕಟಿಸಿದರು.

“ಮಾಮಾ, ಇದನ್ನ ಓದಿದ ಮ್ಯಾಲೆ ನನಗ ಧೈರ್ಯ ಬಂತು ನೋಡ್ರಿ” ಎಂದಳು ಹುಡುಗಿ. “ಆದರ ಕುಪವಾಡದ ಮಂದಿ ಎಲ್ಲ್ಯದಾರ ಇದರಾಗ? ಅವರು ಆಡಿದ ಮಾತು ಐತಿ, ಅವರು ಏನಂದ್ರು ಅನ್ನೂದು ಇಲ್ಲ.”

ಭಕ್ರಿ ಮುರಿಯುವುದನ್ನು ನಿಲ್ಲಿಸಿ ನಾನು ಅವಳ ಮುಖ ನೋಡಿದೆ.

ಜತ್ತದಿಂದ ಗುಡ್ಡಾಪುರದ ಬಸ್ಸು ಹಿಡಿದೆವು. ನಮ್ಮ ಊರಿಗೆ ನೇರ ಬಸ್ಸು ಸಂಜೆಗೆ, ಅಲ್ಲಿಯವರೆಗೆ ದಾನಮ್ಮನ ದರ್ಶನವಾಗಲಿ ಎಂದು ನನ್ನ ಆಸೆ. ಇದೇ ತಾಲ್ಲೂಕಿನ ಉಮರಾಣಿಯಲ್ಲಿ ಹುಟ್ಟಿ, ಲಿಂಗಮ್ಮನೆಂಬ ಹೆಸರನ್ನು ದಾನದಿಂದ ದಾನಮ್ಮನಾಗಿ ಮಾರ್ಪಡಿಸಿಕೊಂಡ ಹನ್ನೆರಡನೆಯ ಶತಮಾನದ ಶರಣೆಯ ಕ್ಷೇತ್ರವದು. ಛಟ್ಟಿ ಅಮಾವಾಸ್ಯೆಗೆ ವಿಜಯಪುರ, ಬಾಗಲಕೋಟೆಗಳ ಕಡೆಯಿಂದ ಜನ ನಡೆದುಕೊಂಡು ಬರುತ್ತಾರೆ. ಆಗ ಈ ದಾರಿಯಲ್ಲಿ ಯಾವ ರಾಜ್ಯವೆಂದು ಯಾರೂ ಕೇಳುವುದಿಲ್ಲ. ನಾವು ಹೋದಾಗ ಜಾತ್ರೆಗೆ ಇನ್ನೂ ದಿನಗಳಿದ್ದವು. ಪ್ರಾಂಗಣ ತೆರವಾಗಿತ್ತು. ಪ್ರಸಾದ ಮುಗಿಸಿ ಕಟ್ಟೆಯ ಮೇಲೆ ಕುಳಿತಾಗ ನಾನು ಅವಳನ್ನು ಕೇಳಿದೆ: ಈ ವಿದ್ಯಾರ್ಥಿ ಸಮ್ಮೇಳನವೆಂಬುದು ಏನು, ಅದರಲ್ಲಿ ಏನು ಮಾಡುತ್ತಾರೆ?

ಓದುಗರಲ್ಲಿಯೂ ಹಲವರಿಗೆ ಈ ಪ್ರಶ್ನೆ ಇದ್ದೀತು. ಕ್ರಮ ಸರಳವಾಗಿದೆ. ಸಮ್ಮೇಳನ ನಡೆಸುವವರು ವಿಷಯ ಪ್ರಕಟಿಸಿ ಪ್ರಬಂಧಗಳಿಗೆ ಕರೆ ಕೊಡುತ್ತಾರೆ. ವಿದ್ಯಾರ್ಥಿ ಇನ್ನೂರೈವತ್ತು ಮುನ್ನೂರು ಶಬ್ದಗಳಲ್ಲಿ ಸಾರಾಂಶ ಬರೆದು ಕಳುಹಿಸಬೇಕು. ಆಯ್ಕೆಯಾದರೆ ಮೂರು ನಾಲ್ಕು ಜನರ ಒಂದು ಗೋಷ್ಠಿಯಲ್ಲಿ ಕೂಡಿಸುತ್ತಾರೆ. ಒಬ್ಬೊಬ್ಬರಿಗೆ ಹದಿನೈದು, ಇಪ್ಪತ್ತು ನಿಮಿಷ. ಬಳಿಕ ಪ್ರಶ್ನೆಗಳು. ಪದವಿ ಕೈಗೆ ಬರುವ ಮುನ್ನವೇ, ಬರಹ ಇನ್ನೂ ಹಸಿಯಿರುವಾಗಲೇ, ನಾಲ್ಕು ಜನರ ಎದುರಿಗೆ ಇಟ್ಟು ತಿದ್ದಿಸಿಕೊಳ್ಳುವುದೇ ಅದರ ಪ್ರಯೋಜನ. ದೊಡ್ಡ ವಿದ್ವಾಂಸರ ಸಭೆಯಲ್ಲಿ ಬಾಯಿ ಬಿಡಲು ಅಂಜುವವರು ಓರಗೆಯವರ ಸಭೆಯಲ್ಲಿ ಮಾತನಾಡಿಯಾರು.

ಆದರೆ ಹುಡುಗಿಯ ಮನಸ್ಸಿನಲ್ಲಿದ್ದ ಮಾದರಿ ಇಲ್ಲಿಯದಲ್ಲ. ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತಿನ ನಾಡುಗಳಾದ ಮೆಕ್ಸಿಕೋ, ಪೋರ್ಟೊರಿಕೊ, ಕ್ಯೂಬಾ ಮೊದಲಾದವುಗಳ ಮೂಲದ ಕುಟುಂಬಗಳು ಅಪಾರವಾಗಿವೆ. ಆ ಗಂಡಸನ್ನು ಲ್ಯಾಟಿನೊ, ಹೆಂಗಸನ್ನು ಲ್ಯಾಟಿನಾ ಎನ್ನುತ್ತಾರೆ. ಅವರಲ್ಲಿ ಎಲ್ಲರೂ ವಲಸೆ ಬಂದವರಲ್ಲ. 1848ರ ಒಪ್ಪಂದದಲ್ಲಿ ಮೆಕ್ಸಿಕೋ ತನ್ನ ಉತ್ತರದ ಬಹುದೊಡ್ಡ ಪಾಲನ್ನು ಬಿಟ್ಟುಕೊಟ್ಟಾಗ ಅಲ್ಲಿದ್ದ ಜನ ಇದ್ದಲ್ಲಿಯೇ ಪರದೇಶದವರಾದರು. ನನಗೆ ನನ್ನ ಅಜ್ಜಿಯ ನೆನಪಾಯಿತು. ಅವರ ಮಕ್ಕಳು ಶಾಲೆಯಲ್ಲಿ ಮನೆಮಾತನಾಡಿದರೆ ಶಿಕ್ಷೆಯಾಗುತ್ತಿತ್ತು. ಟೆಕ್ಸಾಸಿನ ಗಡಿಯಲ್ಲಿ 1942ರಲ್ಲಿ ಹುಟ್ಟಿದ ಗ್ಲೋರಿಯಾ ಅನ್ಸಾಲ್ದುವಾ ಎಂಬ ಲೇಖಕಿ, ಆಟದ ಬಿಡುವಿನಲ್ಲಿ ಸ್ಪ್ಯಾನಿಷ್ ಆಡಿದ್ದಕ್ಕೆ ಪಟ್ಟಿಯಿಂದ ಏಟು ತಿಂದುದನ್ನು 1987ರ ತಮ್ಮ ಪುಸ್ತಕದಲ್ಲಿ ನೆನೆದಿದ್ದಾರೆ.

ಮೋನಾದಲ್ಲಿ ಆ ಸಮ್ಮೇಳನ ಸೇರುವ ಹಿಂದಿನ ತಿಂಗಳು, ಎಂದರೆ 1968ರ ಮಾರ್ಚಿನಲ್ಲಿ, ಲಾಸ್ ಏಂಜಲಿಸಿನ ಪೂರ್ವ ಭಾಗದ ಪ್ರೌಢಶಾಲೆಗಳಿಂದ ಸಾವಿರಾರು ಮೆಕ್ಸಿಕನ್ ಮೂಲದ ಹುಡುಗ ಹುಡುಗಿಯರು ತರಗತಿ ಬಿಟ್ಟು ಬೀದಿಗೆ ಬಂದರು. ತಮ್ಮ ಭಾಷೆಗೆ ಮರ್ಯಾದೆ, ತಮ್ಮ ಇತಿಹಾಸಕ್ಕೆ ಪಾಠದಲ್ಲಿ ಜಾಗ, ಇದು ಅವರ ಬೇಡಿಕೆಗಳಲ್ಲಿತ್ತು. ಸಾಲ್ ಕ್ಯಾಸ್ಟ್ರೊ ಎಂಬ ಶಾಲಾ ಶಿಕ್ಷಕರು ಅವರ ಬೆನ್ನಿಗೆ ನಿಂತರು. ಅದೇ ವರ್ಷದ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಾಲೇಜೊಂದರಲ್ಲಿ ಆರಂಭವಾದ ವಿದ್ಯಾರ್ಥಿ ಮುಷ್ಕರ ಮುಂದಿನ ಮಾರ್ಚಿನವರೆಗೆ ನಡೆಯಿತು. 1969ರ ಏಪ್ರಿಲಿನಲ್ಲಿ ಸಾಂತಾ ಬಾರ್ಬರಾದಲ್ಲಿ ಕೂಡಿದ ಸಭೆ, ವಿಶ್ವವಿದ್ಯಾಲಯಗಳಲ್ಲಿ ತಮ್ಮ ಜನರ ಅಧ್ಯಯನ ಹೇಗಿರಬೇಕೆಂಬುದಕ್ಕೆ ಒಂದು ಯೋಜನೆಯನ್ನೇ ಬರೆಯಿತು. ವಿಭಾಗಗಳು ಹುಟ್ಟಿದವು. ಇಂದು ಆ ವಿಭಾಗಗಳ ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮದೇ ಸಮ್ಮೇಳನಗಳನ್ನು ನಡೆಸುತ್ತಾರೆ. ಅಲ್ಲಿ ಒಬ್ಬಳು ತನ್ನ ಅಜ್ಜಿಯ ಅಡುಗೆಯ ಮೇಲೆ, ಒಬ್ಬ ತನ್ನ ತಂದೆ ದುಡಿಯುವ ದ್ರಾಕ್ಷಿ ತೋಟದ ಮೇಲೆ, ಇನ್ನೊಬ್ಬಳು ಇಂಗ್ಲಿಷಿನ ನಡುವೆ ಸ್ಪ್ಯಾನಿಷ್ ನುಸುಳಿಸಿ ಆಡುವ ತನ್ನ ಓಣಿಯ ಮಾತಿನ ಮೇಲೆ ಬರೆಯಬಹುದು. ಹಾಗೆ ಬೆರೆಸಿ ಆಡುವುದು ಭಾಷೆ ಬಾರದ್ದರಿಂದಲ್ಲ, ಅದಕ್ಕೆ ತನ್ನದೇ ಅರ್ಥವಿದೆ ಎಂದು ಮೊದಲಿಗೆ ತೋರಿಸಿಕೊಟ್ಟವರಲ್ಲಿ ಯಾರಿದ್ದರು ಬಲ್ಲಿರಾ? ಅದೇ ಗಂಪರ್ಜ್. ಎಡ್ವಾರ್ಡೊ ಹೆರ್ನಾಂಡೆಸ್-ಚಾವೆಸ್ ಎಂಬವರೊಡನೆ ಕೂಡಿ ಮೆಕ್ಸಿಕನ್ ಮೂಲದವರ ಮಾತನ್ನೂ ಅವರು ಅಭ್ಯಸಿಸಿದ್ದರು. ಕುಪವಾಡ ಮತ್ತು ಕ್ಯಾಲಿಫೋರ್ನಿಯಾ ಒಬ್ಬನೇ ಮನುಷ್ಯನ ಮೇಜಿನ ಮೇಲೆ ಇದ್ದವು.

ಅಂದು ಕಟ್ಟೆಯ ಮೇಲೆ ಹುಡುಗಿ ಹೇಳಿದ ಇನ್ನೊಂದು ಕಥೆ ನನ್ನ ನಿದ್ದೆ ಕೆಡಿಸಿತು. 1901ರ ಜೂನ್ 12ರಂದು ಟೆಕ್ಸಾಸಿನಲ್ಲಿ ಕುದುರೆ ಕಳುವಿನ ವಿಚಾರಣೆಗಾಗಿ ಶೆರೀಫನೊಬ್ಬನು ಗ್ರೆಗೋರಿಯೊ ಕೊರ್ತೆಸ್ ಎಂಬ ರೈತನ ಮನೆಗೆ ಬಂದನು. ಶೆರೀಫನಿಗೆ ಸ್ಪ್ಯಾನಿಷ್ ಬಾರದು, ಜೊತೆಗೆ ದುಭಾಷಿ ಇದ್ದನು. ಗಂಡುಕುದುರೆಯನ್ನು ಕೊಟ್ಟು ಕೊಂಡೆಯಾ ಎಂದು ದುಭಾಷಿ ಕೇಳಿದನು. ಕೊರ್ತೆಸ್ ಇಲ್ಲವೆಂದನು. ಅವನು ಕೊಂಡದ್ದು ಹೆಣ್ಣುಕುದುರೆ, ಸ್ಪ್ಯಾನಿಷಿನಲ್ಲಿ ಅದಕ್ಕೆ ಬೇರೆಯೇ ಶಬ್ದ. ಉತ್ತರ ನಿಜವಾಗಿತ್ತು, ದುಭಾಷಿಗೆ ಅದು ಸುಳ್ಳಾಗಿ ಕೇಳಿಸಿತು. ಮಾತು ಕೈಮೀರಿತು, ಶೆರೀಫನು ಕೊರ್ತೆಸನ ಅಣ್ಣನಿಗೆ ಗುಂಡು ಹೊಡೆದನು, ಕೊರ್ತೆಸನ ಗುಂಡಿಗೆ ಶೆರೀಫನು ಬಿದ್ದನು. ಹತ್ತು ದಿನ ನೂರಾರು ಜನ ಅವನನ್ನು ಬೆನ್ನಟ್ಟಿದರು. ಹಿಡಿದು ಸೆರೆಗೆ ಹಾಕಿದರು, 1913ರಲ್ಲಿ ಕ್ಷಮೆ ದೊರೆಯಿತು. ಗಡಿಯ ಜನ ಅವನ ಮೇಲೆ ಲಾವಣಿ ಕಟ್ಟಿ ಹಾಡಿದರು. ಅದೇ ಗಡಿಯ ಬ್ರೌನ್ಸ್‌ವಿಲ್ ಊರಿನಲ್ಲಿ 1915ರಲ್ಲಿ ಹುಟ್ಟಿದ ಅಮೆರಿಕೊ ಪಾರೆದೆಸ್ ಎಂಬವರು ಪತ್ರಿಕೆಯ ಕೆಲಸ, ಸೈನ್ಯದ ಕೆಲಸಗಳೆಲ್ಲ ಮುಗಿದ ಮೇಲೆ, ನಡುವಯಸ್ಸಿನ ಹೊತ್ತಿಗೆ ವಿದ್ಯಾರ್ಥಿಯಾಗಿ, ಎಳವೆಯಲ್ಲಿ ಕೇಳಿದ ಆ ಲಾವಣಿಯನ್ನೇ ಪಿಎಚ್.ಡಿ.ಗೆ ಆರಿಸಿಕೊಂಡರು. 1956ರಲ್ಲಿ ಪದವಿ ಬಂತು, 1958ರಲ್ಲಿ ಪುಸ್ತಕ ಬಂತು. ಅಮೆರಿಕದ ಮೆಕ್ಸಿಕನ್ ಅಧ್ಯಯನದ ಬುನಾದಿಯ ಕಲ್ಲುಗಳಲ್ಲಿ ಅದೊಂದು. ನಮಗೆ ಮರಾಠಿಯಲ್ಲಿ ಬಂದ ನೋಟೀಸು, ಪಂಚನಾಮೆ, ಸಾತ್-ಬಾರಾ ಉತಾರೆಗಳನ್ನು ಇನ್ನೊಬ್ಬರ ಕೈಯಿಂದ ಓದಿಸಿಕೊಂಡು ಹೆಬ್ಬೆಟ್ಟೊತ್ತಿದ ನಮ್ಮ ಮುದುಕರನ್ನು ನೆನೆದೆ. ಒಂದು ಶಬ್ದದ ಹೆಣ್ಣು-ಗಂಡು ತಿಳಿಯದಿದ್ದರೆ ಎಷ್ಟರವರೆಗೆ ಹೋದೀತು!

ನಮ್ಮಲ್ಲಿಯೂ ಪಾರೆದೆಸರಂಥವರು ಇಲ್ಲದಿಲ್ಲ. ಶಂ.ಬಾ. ಜೋಶಿಯವರು ಧಾರವಾಡದ ಶಾಲಾ ಶಿಕ್ಷಕರಾಗಿದ್ದುಕೊಂಡೇ ಕನ್ನಡ-ಮರಾಠಿಗಳ ಬೇರನ್ನು ಊರಹೆಸರುಗಳಲ್ಲಿ, ಕುರಿಕಾಯುವ ಹಟ್ಟಿಜನರ ಬಾಳಿನಲ್ಲಿ ಹುಡುಕಿದರು. ‘ಮಹಾರಾಷ್ಟ್ರದ ಮೂಲ’ ಬರೆದರು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ. ಕೊರತೆಯಿರುವುದು ಬರೆಯುವ ಕೈಗಳದು. ಅವು ಇಲ್ಲಿಯ ಕನ್ನಡ ಶಾಲೆಗಳಿಂದಲೇ ಬರಬೇಕು, ಬೇರೆಲ್ಲಿಂದ?

ಈ ಮಾತನ್ನು ನಾನು ಅಂದು ರಾತ್ರಿ ಭಾವನವರ ಮುಂದೆ ಆಡಿ ಪೇಚಿಗೆ ಸಿಕ್ಕೆ. ಭಾವನವರು ನಾಲ್ಕೆಕರೆ ದಾಳಿಂಬೆ, ಇಷ್ಟು ಜೋಳದ ಒಡೆಯರು. ಮಗಳನ್ನು ಓದಿಸುವುದರಲ್ಲಿ ಹಿಂದೆಗೆದವರಲ್ಲ. ಆದರೆ ಕೊನೆಯ ಮಗ ನಾಲ್ಕನೆಯ ಇಯತ್ತೆಯಲ್ಲಿದ್ದಾನೆ. ಮುಂದಿನ ಜೂನಿನಿಂದ ಅವನನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹಾಕುವ ಆಲೋಚನೆ ಮನೆಯಲ್ಲಿ ನಡೆದಿತ್ತು. ಬಾಗಿಲಿಗೇ ಗಾಡಿ ಬರುತ್ತದೆ.

“ಅಕ್ಕ ಕನ್ನಡ ಎಂ.ಎ. ಮಾಡ್ಯಾಳ, ಖರೇ” ಎಂದರು ಭಾವನವರು. “ಆದರ ಮುಂದ? ಇಲ್ಲಿ ಕಚೇರ್ಯಾಗ ಹ್ವಾದ್ರ ಅರ್ಜಿ ಮರಾಠ್ಯಾಗ ಬರಿ ಅಂತಾರ. ಅಲ್ಲಿ ಹ್ವಾದ್ರ ನೀವು ಮಹಾರಾಷ್ಟ್ರದವರು ಅಂತಾರ. ನೀವು ಶಾಣ್ಯಾ ಅದೀರಿ, ನೀವ ಹೇಳ್ರಿ. ಎರಡು ಮನಿ ನೆಂಟ ಉಪವಾಸ ಅಂತಾರಲ್ಲ, ಹಂಗ ಆತಿದು.”

ನನ್ನಲ್ಲಿ ಉತ್ತರವಿರಲಿಲ್ಲ. ಅಮೆರಿಕದ ಉದಾಹರಣೆ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ, ಬಂದಿದ್ದರೂ ಆಡುತ್ತಿರಲಿಲ್ಲ. ದಾಳಿಂಬೆಯ ಸಾಲದ ಕಂತು ತುಂಬುವವನಿಗೆ ಸಮ್ಮೇಳನದ ಮಹತ್ವ ಹೇಳುವುದು ಸಣ್ಣ ಮಾತಾದೀತು. ತಂಗಿ ಮಾತು ಬದಲಿಸಿದಳು. ಹುಡುಗಿ ಮೂಲೆಯಲ್ಲಿ ಕುಳಿತು, ತಂದೆ ಆಡಿದ ವಾಕ್ಯಗಳಲ್ಲಿ ‘ಐತಿ’ ಬಂದಿತೇ ಇಲ್ಲವೇ ಎಂದು ಗುರುತು ಹಾಕುತ್ತಿದ್ದಳೆಂಬುದು ಆಮೇಲೆ ತಿಳಿಯಿತು. ನನಗೆ ನಗುವೂ ಬಂತು, ಸ್ವಲ್ಪ ಸಿಟ್ಟೂ ಬಂತು.

ಮರುದಿನವೆಲ್ಲ ಓಣಿ ತಿರುಗಿದೆವು. ಕಿರಾಣಿ ಅಂಗಡಿ, ಗಿರಣಿ, ನೀರಿನ ಟ್ಯಾಂಕರಿನ ಬಳಿಯ ಸಾಲು. ಮಳೆ ಕೈಕೊಟ್ಟ ವರ್ಷ ಜತ್ತದ ಹಳ್ಳಿಗಳಲ್ಲಿ ಟ್ಯಾಂಕರ್ ನಿಲ್ಲುವ ಜಾಗದಷ್ಟು ಮಾತು ಇನ್ನೆಲ್ಲಿಯೂ ದೊರೆಯದು. ಕೊಡ ಯಾರದು, ಪಾಳಿ ಯಾರದು ಎಂಬುದೇ ಅಲ್ಲಿ ವಿಷಯ. ಹುಡುಗಿಯ ಪ್ರಬಂಧಕ್ಕೆ ಬೇಕಾದುದು ಅದೇ: ‘ಇದು ನಂದು’, ‘ಇದು ನಂದ ಐತಿ’. ಹೆಂಗಸರು ಮೊದಮೊದಲು ನಾಚಿ ಪುಸ್ತಕದ ಕನ್ನಡ ಆಡಲು ಹೋದರು. ಒಬ್ಬ ಅಜ್ಜಿಯಂತೂ, “ನಮ್ಮ ಮಾತು ಹೊಲಸು ಯವ್ವಾ, ಮಾಸ್ತರ ಕಡಿಂದ ಬರಕೋ” ಎಂದಳು. ಎಪ್ಪತ್ತು ವರ್ಷ ಆಡಿದ ಮಾತನ್ನು ಹೊಲಸೆನ್ನಲು ಅವಳಿಗೆ ಯಾರು ಕಲಿಸಿದರು? ನಾವು ಶಿಕ್ಷಕರೇ ಕಲಿಸಿದೆವೆಂದು ನನ್ನ ಅನುಮಾನ. ‘ಸಾಲಿ ಅಲ್ಲ ಶಾಲೆ, ಮನಿ ಅಲ್ಲ ಮನೆ’ ಎಂದು ಕೆಂಪು ಶಾಯಿಯಲ್ಲಿ ನಾನೆಷ್ಟು ತಿದ್ದಿಲ್ಲ! ತಿದ್ದಬಾರದೆಂದಲ್ಲ. ಬರಹದ ಕನ್ನಡವನ್ನು ಕಲಿಸಲೇಬೇಕು. ಮನೆಯ ಕನ್ನಡ ಅದಕ್ಕಿಂತ ಕೀಳೆಂಬ ಭಾವನೆಯನ್ನು ಅದರೊಡನೆ ಪುಕ್ಕಟೆಯಾಗಿ ಕೊಟ್ಟೆವಲ್ಲ, ಅದು ಬೇಡವಾಗಿತ್ತು.

ಇಲ್ಲಿ ಒಂದು ಉಪಕಥೆ. ಟ್ಯಾಂಕರಿನ ಬಳಿ ಒಬ್ಬ ಹುಡುಗ ‘ಚಾವಿ’, ‘ಪಗಾರ’, ‘ಬಟಾಟಿ’ ಇವೆಲ್ಲ ಮರಾಠಿಯಿಂದ ಬಂದವೇ ಎಂದು ಕೇಳಿದನು. ಮರಾಠಿಗೂ ಅವು ಪೋರ್ತುಗೀಜರಿಂದ ಬಂದವು. ಸ್ಪ್ಯಾನಿಷ್ ಅದರ ಒಡಹುಟ್ಟಿದ ಭಾಷೆ, ಅಲ್ಲಿ ‘ಪಗಾರ್’ ಎಂದರೆ ಹಣ ಕೊಡುವುದು. ಮೆಕ್ಸಿಕೋದ ಕೂಲಿಯವನೂ ಜತ್ತದ ಕ್ಲಾರ್ಕನೂ ತಿಂಗಳ ಕೊನೆಗೆ ಕಾಯುವ ಶಬ್ದ ಹೆಚ್ಚುಕಡಿಮೆ ಒಂದೇ! ಹುಡುಗನಿಗೆ ಇದು ಬಹಳ ಹಿಡಿಸಿತು.

ಮೂರನೆಯ ದಿನ ಶಾಲೆ ತೆರೆದಿತ್ತು. ಸಮ್ಮೇಳನಕ್ಕೆ ಇನ್ನು ಮೂರು ದಿನ. ಮುಖ್ಯಾಧ್ಯಾಪಕರು ಹುಡುಗಿಗೆ ಅಕ್ಷರ ಕಲಿಸಿದವರು. ನಮ್ಮ ಮಕ್ಕಳ ಮುಂದೆಯೇ ಒಮ್ಮೆ ಓದಿ ತೋರಿಸು, ಸಮಯ ನಾನು ನೋಡುತ್ತೇನೆ ಎಂದರು. ಆರು, ಏಳನೆಯ ಇಯತ್ತೆಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂಡಿಸಿದರು. ಎರಡು ತರಗತಿ ಸೇರಿದರೂ ಕೋಣೆ ತುಂಬಲಿಲ್ಲ. ನಾನು ಕಲಿಸಲು ಸೇರಿದ ಕಾಲದಲ್ಲಿ ಒಂದೊಂದು ತರಗತಿಗೇ ಅಷ್ಟು ಜಾಗ ಸಾಲುತ್ತಿರಲಿಲ್ಲ.

ಹುಡುಗಿ ಎದ್ದು ನಿಂತಳು. ಮೊದಲ ಎರಡು ಪುಟ ಬಹಳ ಬೇಗ ಓದಿದಳು, ಧ್ವನಿ ನಡುಗುತ್ತಿತ್ತು. ಕುಪವಾಡದ ಸಂಗತಿ ಬಂದಾಗ ನಿಧಾನವಾದಳು. ಬಳಿಕ ತಾನು ಕೂಡಿಸಿದ ಉದಾಹರಣೆಗಳನ್ನು ಹಲಗೆಯ ಮೇಲೆ ಬರೆದು, ಜತ್ತದ ಪೂರ್ವ ಭಾಗದ ಕನ್ನಡದಲ್ಲಿಯೂ ಮರಾಠಿಯ ‘ಆಹೇ’ಯ ಪ್ರಭಾವದಿಂದಲೇ ‘ಐತಿ’ ಬರುತ್ತಿದೆಯೆಂದು ತೀರ್ಮಾನ ಹೇಳಿದಳು. ಹದಿನೈದು ನಿಮಿಷಕ್ಕೆ ಮುಖ್ಯಾಧ್ಯಾಪಕರು ಗಂಟೆ ಹೊಡೆದರು. ಇನ್ನೂ ಒಂದು ಪುಟ ಉಳಿದಿತ್ತು. ಅಷ್ಟರಲ್ಲಿ ಭಾವನವರು ಹೊಲದಿಂದ ನೇರವಾಗಿ ಬಂದು ಬಾಗಿಲ ಹೊರಗಿನ ಬೇವಿನ ಮರದ ಕೆಳಗೆ ನಿಂತಿದ್ದರು. ಒಳಗೆ ಬನ್ನಿರೆಂದರೆ ಬರಲಿಲ್ಲ.

“ಈಗ ಪ್ರಶ್ನೆ ಕೇಳ್ರಿ” ಎಂದರು ಮುಖ್ಯಾಧ್ಯಾಪಕರು. ಯಾರೂ ಕೇಳಲಿಲ್ಲ. ಹಿಂದಿನ ಸಾಲಿನಿಂದ ಒಂದು ಕೈ ಅರ್ಧ ಎದ್ದು ಇಳಿಯಿತು. ಅವನು ಕುರುಬರ ಮನೆಯ ಹುಡುಗ. ಉದ್ದ ಕಾಲಿನ, ಗಿಣಿಮೂಗಿನ ಮಾಡಗ್ಯಾಳ ಕುರಿಗಳನ್ನು ಅವನ ಮನೆಯವರು ಸಾಕಿದ್ದಾರೆ. ಈ ತಾಲ್ಲೂಕಿನ ಹಳ್ಳಿಯ ಹೆಸರು ಹೊತ್ತ ಆ ತಳಿಗೆ ಸಂತೆಯಲ್ಲಿ ಒಳ್ಳೆಯ ಬೆಲೆ.

“ಏಳೋ, ಏನದು ಹೇಳು.”

“ಅಕ್ಕಾ, ನೀವು ಬರದದ್ದು ಪೂರಾ ಬರೋಬರಿ ಇಲ್ಲರಿ” ಎಂದನು ಹುಡುಗ. ಮಕ್ಕಳು ನಕ್ಕರು. ಅವನು ನೆಲ ನೋಡುತ್ತ ಮುಂದುವರಿಸಿದನು. “ನಮ್ಮಜ್ಜ ‘ಈ ಕುರಿ ನಮ್ದು’ ಅಂತ ಅಷ್ಟ ಅಂತಾನ್ರಿ, ದಿನಾ. ‘ನಮ್ದ ಐತಿ’ ಅನ್ನಂಗಿಲ್ಲ. ಮತ್ತೊಬ್ಬರ ಹಿಂಡಿನಾಗ ಹೋಗಿ ಸೇರಿದ್ರ, ಅವರು ಕೊಡಂಗಿಲ್ಲ ಅಂದ್ರ, ಆವಾಗ ಅಷ್ಟ ‘ನಮ್ದ ಐತಿ’ ಅಂತಾನ.”

ಕೋಣೆ ಸುಮ್ಮನಾಯಿತು. ಹುಡುಗಿ ಹಲಗೆಯ ಕಡೆಗೆ ತಿರುಗಿ ತನ್ನ ಉದಾಹರಣೆಗಳನ್ನು ನೋಡಿದಳು. ನಾನೂ ನೋಡಿದೆ. ಅವುಗಳಲ್ಲಿ ಬಹುಪಾಲು ಟ್ಯಾಂಕರಿನ ಸಾಲಿನಲ್ಲಿ, ಕೊಡಕ್ಕಾಗಿ ಜಗಳವಾಡುವಾಗ ಬರೆದುಕೊಂಡವು.

“ನಿಮ್ಮಜ್ಜಗ ಮರಾಠಿ ಬರತೈತೇನೋ ತಮ್ಮಾ?” ಎಂದು ಕೇಳಿದಳು.

“ಸಂತ್ಯಾಗ ಆಡ್ತಾನ್ರಿ. ಕುರಿ ಮುಂದ ಇಲ್ಲ.”

ಮಕ್ಕಳು ಮತ್ತೆ ನಕ್ಕರು. ಹುಡುಗಿ ನಗಲಿಲ್ಲ. ಮೇಜಿನ ಮೇಲಿದ್ದ ಕೊನೆಯ ಪುಟವನ್ನು ಎತ್ತಿಕೊಂಡು, ತೀರ್ಮಾನದ ವಾಕ್ಯದ ಮೇಲೆ ಒಂದು ಗೆರೆ ಎಳೆದಳು. ಅಜ್ಜ ಈಗ ಎಲ್ಲಿದ್ದಾನೆಂದು ವಿಚಾರಿಸಿದಳು. ಗುಡ್ಡದ ಆಚೆ, ಸಂಜೆಗೆ ಹಟ್ಟಿಗೆ ಬರುತ್ತಾನೆ ಎಂದನು ಹುಡುಗ. ನಮ್ಮ ಬಸ್ಸು ನಾಲ್ಕೂವರೆಗೆ ಇತ್ತು. ಅವಳು ನನ್ನ ಮುಖ ನೋಡಿದಳು. ನಾನು ಹೊರಗೆ ಬೇವಿನ ಮರದ ಕಡೆಗೆ ನೋಡಿದೆ. ಭಾವನವರು ಆಗಲೇ ಮೋಟಾರ್ ಸೈಕಲ್ಲನ್ನು ಗುಡ್ಡದ ದಾರಿಯ ಕಡೆಗೆ ತಿರುಗಿಸುತ್ತಿದ್ದರು.